ಡಾಕ್ಟರ ಪಕ್ಕದ ಕೋಣೆಯಲ್ಲಿ ಒಂದು ವರ್ಷ

ಆತ್ಮಹತ್ಯೆ ಮಾಡಿಕೊಂಡವರು ತಮ್ಮ ಕೊನೆಯ ತಿಂಗಳಲ್ಲಿ ಯಾವ ಡಾಕ್ಟರ ಬಳಿ ಹೋಗಿದ್ದರು? ಅಮೆರಿಕದ ಮೂವರು ಸಂಶೋಧಕರು ಈ ಪ್ರಶ್ನೆ ಹಿಡಿದು, ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಆ ವಿಶ್ಲೇಷಣೆಯ ಪ್ರಕಾರ, ಮಾನಸಿಕ ಆರೋಗ್ಯದ ತಜ್ಞರನ್ನು ಕಂಡಿದ್ದವರು ಐದರಲ್ಲಿ ಒಬ್ಬರು. ಸಾಮಾನ್ಯ ಡಾಕ್ಟರನ್ನು ಕಂಡಿದ್ದವರು ಶೇ 45ರಷ್ಟು.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತದೆ. ಅವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಬಿಪಿ ನೋಡಿಸಿಕೊಂಡಿರಬಹುದು, ಬೆನ್ನುನೋವಿಗೆ ಮಾತ್ರೆ ಬರೆಸಿಕೊಂಡಿರಬಹುದು, ನಿದ್ದೆ ಬರುತ್ತಿಲ್ಲ ಎಂದಿರಬಹುದು. ಡಾಕ್ಟರಿಗೆ ಒಬ್ಬೊಬ್ಬರಿಗೂ ಸಿಗುವುದು ಹತ್ತೋ ಹದಿನೈದೋ ನಿಮಿಷ. ಹೊರಗೆ ಇನ್ನೂ ಜನ ಕಾಯುತ್ತಿರುತ್ತಾರೆ.

ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. ಅಮೆರಿಕದಲ್ಲಿ ಮಾನಸಿಕ ತೊಂದರೆ ಇರುವವರ ಪೈಕಿ ಹೆಚ್ಚಿನವರು ಹೋಗುವುದು ಸಾಮಾನ್ಯ ವೈದ್ಯರ ಬಳಿಗೇ ಎಂದು ಡೇರೆಲ್ ರೀಜಿಯರ್ ಮತ್ತು ಸಂಗಡಿಗರು 1978ರಲ್ಲೇ ಬರೆದಿದ್ದರು. ಕಾಗದದ ಮೇಲೆ ಮಾನಸಿಕ ಆರೋಗ್ಯ ವ್ಯವಸ್ಥೆ ಬೇರೆ ಇದ್ದರೂ ನಿಜವಾಗಿ ಆ ಕೆಲಸ ನಡೆಯುತ್ತಿದ್ದುದು ಫ್ಯಾಮಿಲಿ ಡಾಕ್ಟರ ಕೋಣೆಯಲ್ಲಿ. ಅದಕ್ಕೂ ಒಂದು ವರ್ಷ ಮೊದಲು ರಾಚೆಸ್ಟರ್ ವಿಶ್ವವಿದ್ಯಾಲಯದ ವೈದ್ಯ ಜಾರ್ಜ್ ಎಂಗೆಲ್, ರೋಗವನ್ನು ದೇಹದ ಕೆಡುಕಾಗಿ ಮಾತ್ರ ನೋಡಿದರೆ ಸಾಲದು, ಮನಸ್ಸನ್ನೂ ಮನೆ-ಮಠವನ್ನೂ ಸೇರಿಸಿಯೇ ನೋಡಬೇಕು ಎಂದು ವಾದಿಸಿ ಪ್ರಬಂಧ ಬರೆದಿದ್ದರು. ಇಬ್ಬರ ಮಾತನ್ನೂ ವೈದ್ಯಲೋಕ ಒಪ್ಪಿತು. ಆದರೆ ಮನೋವಿಜ್ಞಾನಿಗಳನ್ನು ತಯಾರು ಮಾಡುವ ಕ್ರಮ ಬದಲಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಅವರು ಕಲಿಯುತ್ತಿದ್ದುದು ಮಾನಸಿಕ ಆಸ್ಪತ್ರೆಗಳಲ್ಲಿ, ವಿಶ್ವವಿದ್ಯಾಲಯದ ಕ್ಲಿನಿಕ್‌ಗಳಲ್ಲಿ. ರೋಗಿಗಳು ಬರುತ್ತಿದ್ದ ಜಾಗಕ್ಕೂ ಅವರು ಪಳಗುತ್ತಿದ್ದ ಜಾಗಕ್ಕೂ ಸಂಬಂಧವೇ ಇರಲಿಲ್ಲ.

ಕಳೆದ ಎರಡು ಮೂರು ದಶಕಗಳಲ್ಲಿ ಅಲ್ಲಿ ಆದ ಬದಲಾವಣೆ ನಮ್ಮ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಮಾಡುತ್ತಿರುವ ವಿದ್ಯಾರ್ಥಿಗಳು ತಮ್ಮ ಕಡೆಯ ವರ್ಷದ ಇಂಟರ್ನ್‌ಶಿಪ್ಪನ್ನು, ಪೂರ್ತಿಯಾಗಿಯೋ ಭಾಗಶಃವೋ, ಪ್ರಾಥಮಿಕ ಆರೋಗ್ಯ ಕ್ಲಿನಿಕ್‌ನಲ್ಲೇ ಮಾಡುವ ವ್ಯವಸ್ಥೆ ಬೆಳೆದಿದೆ. ಡಾಕ್ಟರ ಪಕ್ಕದ ಕೋಣೆಯಲ್ಲಿ ಕೂತು, ಅದೇ ರೋಗಿಗಳನ್ನು, ಅದೇ ದಿನ ನೋಡುವುದು.

ಒಂದು ವರ್ಷದ ಲೆಕ್ಕ

ಅಮೆರಿಕದಲ್ಲಿ ಸ್ವತಂತ್ರವಾಗಿ ಕೆಲಸ ಮಾಡಬಯಸುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಪಿಎಚ್.ಡಿ. ಅಥವಾ ಸೈ.ಡಿ. ಎಂಬ ಡಾಕ್ಟರೇಟ್ ಬೇಕು. ತರಗತಿ, ಸಂಶೋಧನೆ, ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ಅಭ್ಯಾಸ ಎಲ್ಲ ಮುಗಿದ ಮೇಲೆ ಒಂದು ವರ್ಷದ ಪೂರ್ಣಾವಧಿ ಇಂಟರ್ನ್‌ಶಿಪ್, ಸುಮಾರು 2,000 ಗಂಟೆ. ಅದಾಗದೆ ಪದವಿ ಇಲ್ಲ.

ಈ ಕ್ರಮದ ಬೇರು ಎರಡನೇ ಮಹಾಯುದ್ಧದಲ್ಲಿದೆ. ಯುದ್ಧದಿಂದ ಮನೆಗೆ ಮರಳಿದ ಸೈನಿಕರ ಮಾನಸಿಕ ಗಾಯಗಳನ್ನು ನೋಡಿಕೊಳ್ಳಲು ಜನ ಸಾಲದೆ, ಮಾಜಿ ಸೈನಿಕರ ಆಡಳಿತ ಇಲಾಖೆ 1946ರಲ್ಲಿ ಮನೋವಿಜ್ಞಾನಿಗಳ ತರಬೇತಿಗೆ ಹಣ ಸುರಿಯಿತು. 1949ರಲ್ಲಿ ಕೊಲರಾಡೊದ ಬೋಲ್ಡರ್ ಎಂಬ ಊರಿನಲ್ಲಿ ಸೇರಿದ ಸಮ್ಮೇಳನ, ಮನೋವಿಜ್ಞಾನಿ ಸಂಶೋಧಕನೂ ಆಗಿರಬೇಕು ಚಿಕಿತ್ಸಕನೂ ಆಗಿರಬೇಕು ಎಂದು ತೀರ್ಮಾನಿಸಿ ಇಂಟರ್ನ್‌ಶಿಪ್ಪನ್ನು ಓದಿನ ಭಾಗವಾಗಿಸಿತು. ಇಂದಿಗೂ ಆ ಇಲಾಖೆಯ ಆಸ್ಪತ್ರೆಗಳೇ ಆ ದೇಶದಲ್ಲಿ ಅತಿ ಹೆಚ್ಚು ಮನೋವಿಜ್ಞಾನಿಗಳನ್ನು ತರಬೇತುಗೊಳಿಸುವ ಜಾಗ.

ಇಂಟರ್ನ್‌ಶಿಪ್ ಸಿಗುವ ಬಗೆಯೂ ತಿಳಿಯುವಂಥದ್ದು. ಹಿಂದೆ ನಿಗದಿತ ದಿನವೊಂದರಂದು ಫೋನ್ ಪಕ್ಕ ಕೂತು ಕರೆಗಾಗಿ ಕಾಯಬೇಕಿತ್ತು. ಮೊದಲು ಬಂದ ಕರೆಯನ್ನು ಒಪ್ಪಿಕೊಳ್ಳಬೇಕೋ, ಇನ್ನೂ ಒಳ್ಳೆಯದು ಬರಬಹುದೆಂದು ಕಾಯಬೇಕೋ ಎಂಬ ಪೀಕಲಾಟದಲ್ಲೇ ಹಲವರ ಭವಿಷ್ಯ ತೀರ್ಮಾನವಾಗುತ್ತಿತ್ತು. 1999ರಿಂದ ಅದನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಅಭ್ಯರ್ಥಿ ತನಗೆ ಬೇಕಾದ ಕೇಂದ್ರಗಳನ್ನು ಕ್ರಮವಾಗಿ ಬರೆಯುತ್ತಾರೆ, ಕೇಂದ್ರಗಳೂ ತಮಗೆ ಬೇಕಾದ ಅಭ್ಯರ್ಥಿಗಳನ್ನು ಕ್ರಮವಾಗಿ ಬರೆಯುತ್ತವೆ. ಎರಡನ್ನೂ ಹೊಂದಿಸಿ ಫೆಬ್ರುವರಿಯಲ್ಲಿ ಫಲಿತಾಂಶ. ವೈದ್ಯ ಪದವೀಧರರನ್ನು ಆಸ್ಪತ್ರೆಗಳಿಗೆ ಹೊಂದಿಸುವುದೂ ಇಂಥದೇ ಲೆಕ್ಕ. ಆ ಲೆಕ್ಕಕ್ಕೆ ತಳಹದಿ ಹಾಕಿದ ಲಾಯ್ಡ್ ಶ್ಯಾಪ್ಲಿ ಮತ್ತು ಅದನ್ನು ಬಳಕೆಗೆ ತಿದ್ದಿದ ಆಲ್ವಿನ್ ರಾತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂತು.

ಅದೇ 2012ರಲ್ಲಿ, ಅರ್ಜಿ ಹಾಕಿದ ನೂರಾರು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಸಿಗಲಿಲ್ಲ. ಐದಾರು ವರ್ಷ ಓದಿ, ಪ್ರಬಂಧ ಬರೆದು, ಕಡೆಯ ಮೆಟ್ಟಿಲಲ್ಲಿ ನಿಂತವರು. ಹೊಂದಿಸುವ ಲೆಕ್ಕ ಎಷ್ಟೇ ಜಾಣತನದ್ದಾದರೂ ಇಲ್ಲದ ಜಾಗವನ್ನು ಹುಟ್ಟಿಸಲಾರದು. ಆಗ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಹೊಸ ಕೇಂದ್ರಗಳಿಗೆ ಮಾನ್ಯತೆ ದೊರಕಿಸಲು 30 ಲಕ್ಷ ಡಾಲರ್ ಮೀಸಲಿಟ್ಟಿತು. ಕ್ರಮೇಣ ಕೊರತೆ ನೀಗಿತು. ತರಬೇತಿಗೆ ಹೊಸ ಜಾಗ ಹುಡುಕಲೇಬೇಕಾದ ಆ ಕಾಲದಲ್ಲಿ ಬಡವರ ಬಡಾವಣೆಗಳ ಸಮುದಾಯ ಆರೋಗ್ಯ ಕೇಂದ್ರಗಳ ಕಡೆಗೂ ಕಣ್ಣು ಹಾಯಿತು.

ಬಾಗಿಲು ತಟ್ಟಿದರೆ ತೆರೆಯಬೇಕು

ಈ ವಿದ್ಯಾರ್ಥಿಗಳು ಕಲಿತು ಬಂದಿರುವುದು ಐವತ್ತು ನಿಮಿಷದ ಚಿಕಿತ್ಸೆ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಮುಚ್ಚಿದ ಬಾಗಿಲು, ಯಾರೂ ಒಳಗೆ ಬರುವಂತಿಲ್ಲ. ಮೊದಲ ಭೇಟಿಯಲ್ಲಿ ಬಾಲ್ಯದಿಂದ ಹಿಡಿದು ಇಡೀ ಚರಿತ್ರೆ ಕೇಳುವುದು. ಹೀಗೆ ಹನ್ನೆರಡು, ಹದಿನಾರು ಭೇಟಿ.

ಕ್ಲಿನಿಕ್‌ಗೆ ಬಂದ ಮೊದಲ ವಾರವೇ ಇದರಲ್ಲಿ ಬಹುಪಾಲನ್ನು ಬದಿಗಿಡಬೇಕಾಗುತ್ತದೆ. ಇಲ್ಲಿ ಭೇಟಿ ಹದಿನೈದರಿಂದ ಮೂವತ್ತು ನಿಮಿಷ. ಹೆಚ್ಚಿನವರು ಬರುವುದು ಒಂದು ಸಲವೋ ನಾಲ್ಕು ಸಲವೋ. ರೋಗಿಯ ಜೊತೆ ಮಾತಾಡುತ್ತಿರುವಾಗಲೂ ಡಾಕ್ಟರು ಬಾಗಿಲು ತಟ್ಟಬಹುದು, ತಟ್ಟಿದರೆ ತೆರೆಯಬೇಕು. ಈ ಪದ್ಧತಿಯನ್ನು ರೂಪಿಸಿದವರಲ್ಲಿ ಕರ್ಕ್ ಸ್ಟ್ರೊಸಾಲ್, ಪೆಟ್ರಿಷಿಯಾ ರಾಬಿನ್ಸನ್, ಜೆಫ್ ರೈಟರ್ ಮುಖ್ಯರು. 1990ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಗ್ರೂಪ್ ಹೆಲ್ತ್ ಎಂಬ ಸಹಕಾರಿ ಆರೋಗ್ಯ ಸಂಸ್ಥೆಯಲ್ಲಿ ಇದರ ಮೊದಲ ಪ್ರಯೋಗಗಳು ನಡೆದವು. ಅದಕ್ಕೂ ಹಿಂದೆ, 1960ರ ದಶಕದಲ್ಲೇ, ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆಯಲ್ಲಿ ನಿಕೊಲಸ್ ಕಮಿಂಗ್ಸ್, ಮನೋಚಿಕಿತ್ಸೆ ಸಿಕ್ಕವರು ದೇಹದ ದೂರುಗಳಿಗಾಗಿ ಡಾಕ್ಟರ ಬಳಿ ಅಲೆಯುವುದು ಕಡಿಮೆಯಾಗುತ್ತದೆ ಎಂದು ತೋರಿಸಿದ್ದರು. ಟೆನೆಸಿಯ ಚೆರೋಕಿ ಹೆಲ್ತ್ ಸಿಸ್ಟಮ್ಸ್ ಈ ಮಾದರಿಯನ್ನು ತನ್ನ ಕ್ಲಿನಿಕ್‌ಗಳ ಉಸಿರಾಗಿಸಿಕೊಂಡಿತು. ಮಾಜಿ ಸೈನಿಕರ ಇಲಾಖೆ 2008ರ ಕೈಪಿಡಿಯಲ್ಲಿ ತನ್ನ ದೊಡ್ಡ ಕೇಂದ್ರಗಳ ಪ್ರಾಥಮಿಕ ಚಿಕಿತ್ಸೆಯಲ್ಲೇ ಮಾನಸಿಕ ಆರೋಗ್ಯ ಸಿಬ್ಬಂದಿ ಇರಬೇಕೆಂದು ವಿಧಿಸಿತು.

ಈ ಕೆಲಸ ಹತ್ತಿರದಿಂದ ಹೇಗಿರುತ್ತದೆ? ಇಂಥ ಕ್ಲಿನಿಕ್‌ಗಳಿಗೆ ಬರುವ ಹಲವರನ್ನು ಸೇರಿಸಿ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಐವತ್ತೆಂಟು ವಯಸ್ಸು, ದೂರದೂರಿಗೆ ಲಾರಿ ಓಡಿಸುವವರು. ಸಕ್ಕರೆ ಕಾಯಿಲೆ, ಬಿಪಿ. ಹೆಂಡತಿ ತೀರಿಕೊಂಡು ಒಂದು ವರ್ಷ. ಸಕ್ಕರೆ ಹತೋಟಿಗೆ ಬರುತ್ತಿಲ್ಲ ಎಂದು ಡಾಕ್ಟರು ಕರೆಸಿದ್ದಾರೆ.

ಒಳಗೆ ಹೋಗುವ ಮೊದಲೇ ನರ್ಸ್ ಒಂದು ಹಾಳೆ ಕೊಡುತ್ತಾರೆ. ಪಿಎಚ್‌ಕ್ಯೂ-9 ಎಂದು ಅದರ ಹೆಸರು, 2001ರಲ್ಲಿ ಪ್ರಕಟವಾದದ್ದು. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ: ಯಾವುದರಲ್ಲೂ ಆಸಕ್ತಿ ಇಲ್ಲವೇ, ಮನಸ್ಸು ಕುಗ್ಗಿದೆಯೇ, ನಿದ್ದೆ ಹೇಗಿದೆ, ಸುಸ್ತೇ, ಹಸಿವೆ ಹೇಗಿದೆ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಬೇಕು. ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಗುರುತಿದ್ದರೂ ಆ ರೋಗಿಯ ಜೊತೆ ಯಾರಾದರೂ ಕೂತು ಮಾತಾಡದೆ ಮನೆಗೆ ಕಳಿಸುವುದಿಲ್ಲ. ನಮ್ಮ ಲಾರಿ ಚಾಲಕರ ಮೊತ್ತ 12, ಒಂಬತ್ತನೇ ಪ್ರಶ್ನೆಗೆ ಸೊನ್ನೆ.

ಡಾಕ್ಟರು ಹಾಳೆ ನೋಡಿ, "ನಿಮಗೆ ಮನೋರೋಗ ಇರಬಹುದು, ಇಂಥ ಕಡೆ ಹೋಗಿ" ಎಂದು ಚೀಟಿ ಬರೆದುಕೊಟ್ಟರೆ ಅವರು ಹೋಗುವುದಿಲ್ಲ. ಚೀಟಿ ಜೇಬಿನಲ್ಲೇ ಉಳಿಯುತ್ತದೆ. ಅದರ ಬದಲು ಡಾಕ್ಟರು ಹೇಳುವುದು ಹೀಗೆ: "ನಿದ್ದೆ ಸರಿಯಾದರೆ ನಿಮ್ಮ ಸಕ್ಕರೆಯೂ ಹತೋಟಿಗೆ ಬರಬಹುದು. ನಮ್ಮ ತಂಡದಲ್ಲೇ ಇದನ್ನು ಚೆನ್ನಾಗಿ ಬಲ್ಲವರೊಬ್ಬರಿದ್ದಾರೆ, ಪಕ್ಕದ ಕೋಣೆಯಲ್ಲಿ. ಈಗಲೇ ಕರೆಯಲಾ?" ಕರೆದು, ಎದುರಿಗೇ ಪರಿಚಯ ಮಾಡಿಸಿ, ತಾವು ಮುಂದಿನ ರೋಗಿಯ ಕಡೆ ಹೋಗುತ್ತಾರೆ. ಇದಕ್ಕೆ ಅಲ್ಲಿ ವಾರ್ಮ್ ಹ್ಯಾಂಡ್‌ಆಫ್ ಎನ್ನುತ್ತಾರೆ. ಇಡೀ ಪದ್ಧತಿ ನಿಂತಿರುವುದೇ ಈ ಅರ್ಧ ನಿಮಿಷದ ಪರಿಚಯದ ಮೇಲೆ ಎಂದು ನಾನು ನಂಬುತ್ತೇನೆ. ರೋಗಿಗೆ ಡಾಕ್ಟರ ಮೇಲಿರುವ ವಿಶ್ವಾಸದಲ್ಲಿ ಒಂದು ಪಾಲು ಆಗ ಇಂಟರ್ನ್‌ಗೆ ಸಿಗುತ್ತದೆ.

ಇಂಟರ್ನ್‌ನ ಮೊದಲ ಮಾತನ್ನು ಬಾಯಿಪಾಠ ಮಾಡಿಸಿರುತ್ತಾರೆ. ತಾನು ಯಾರು, ತರಬೇತಿಯಲ್ಲಿರುವವರು, ಯಾರ ಮೇಲ್ವಿಚಾರಣೆಯಲ್ಲಿದ್ದೇನೆ, ನಮಗಿರುವುದು ಇಪ್ಪತ್ತೈದು ನಿಮಿಷ, ಮಾತಾಡಿದ್ದನ್ನು ಡಾಕ್ಟರಿಗೂ ತಿಳಿಸುತ್ತೇನೆ, ಇದೂ ನಿಮ್ಮ ಅದೇ ಕಡತಕ್ಕೆ ಸೇರುತ್ತದೆ. ಇದಕ್ಕೆ ಎರಡು ನಿಮಿಷ ಮೀರಬಾರದು. ಆಮೇಲೆ ನೇರ ವಿಷಯಕ್ಕೆ. ಎಷ್ಟು ಗಂಟೆಗೆ ಮಲಗುತ್ತೀರಿ, ಎಷ್ಟು ಹೊತ್ತಿಗೆ ನಿದ್ದೆ ಹತ್ತುತ್ತದೆ, ನಡುವೆ ಎಷ್ಟು ಸಲ ಎಚ್ಚರ, ಆಗ ಏನು ಮಾಡುತ್ತೀರಿ. ಮನೆಯಲ್ಲಿದ್ದಾಗ ಟಿವಿ ಹಾಕಿಕೊಂಡೇ ಹಾಸಿಗೆಯಲ್ಲಿರುತ್ತಾರೆ, ಒಂಬತ್ತು ಗಂಟೆ ಮಲಗಿದರೂ ನಿದ್ದೆ ಐದು ಗಂಟೆ. ಹೆಂಡತಿ ಇದ್ದಾಗ ಇಬ್ಬರೂ ಹತ್ತಕ್ಕೆ ದೀಪ ಆರಿಸುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ದನಿ ಕಟ್ಟುತ್ತದೆ.

ಇಲ್ಲಿ ಇಂಟರ್ನ್ ಮುಂದೆ ಎರಡು ದಾರಿ. ದುಃಖದ ಕಥೆಯನ್ನು ಪೂರ್ತಿ ಬಿಚ್ಚಿಸಿದರೆ ಇಪ್ಪತ್ತೈದು ನಿಮಿಷ ಸಾಲದು, ಅವರು ಮತ್ತೆ ಬರುತ್ತಾರೆಂಬ ಖಾತ್ರಿಯೂ ಇಲ್ಲ. ದುಃಖವನ್ನು ಕೇಳಿಸಿಕೊಳ್ಳದೆ ನಿದ್ದೆಯ ಸೂತ್ರ ಒಪ್ಪಿಸಿದರೆ ಅವರು ಬರುವುದೇ ಇಲ್ಲ. ಮಾತನ್ನು ಅಲ್ಲಿ ಒಂದೆರಡು ನಿಮಿಷ ನಿಲ್ಲಿಸಿ, ಆ ನೋವಿಗೂ ಈ ನಿದ್ದೆಗೂ ಇರುವ ನಂಟನ್ನು ಅವರ ಮಾತಿನಲ್ಲೇ ಅವರಿಗೆ ತಿರುಗಿ ಹೇಳಿ, ಇವತ್ತು ರಾತ್ರಿಯಿಂದಲೇ ಮಾಡಬಹುದಾದ ಒಂದನ್ನು ಒಪ್ಪಿಕೊಂಡು ಎದ್ದೇಳಬೇಕು. ಇದನ್ನು ಕಲಿಯುವುದಕ್ಕೇ ಒಂದು ವರ್ಷ ಬೇಕು.

ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಅರಿವು-ವರ್ತನಾ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಶಿಫಾರಸು ಮಾಡಿದೆ. ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿತ ಮಾಡಿ, ನಿದ್ದೆಯನ್ನು ಒತ್ತಾಗಿಸುವುದು ಅದರ ಒಂದು ಬಲವಾದ ಅಸ್ತ್ರ. ಇಂಟರ್ನ್ ಉತ್ಸಾಹದಿಂದ ಅದನ್ನೇ ಹೇಳಹೊರಡುತ್ತಾರೆ. ಬಾಗಿಲ ಹೊರಗೆ ಮೇಲ್ವಿಚಾರಕರ ಜೊತೆ ಎರಡು ನಿಮಿಷ ಮಾತಾಡಿದಾಗ ಒಂದೇ ಪ್ರಶ್ನೆ ಬರುತ್ತದೆ: "ಅವರ ಕೆಲಸ ಏನು?" ಲಾರಿ ಓಡಿಸುವವರಿಗೆ ಮೊದಲ ವಾರಗಳಲ್ಲಿ ನಿದ್ದೆ ಇನ್ನಷ್ಟು ಕಡಿಮೆಯಾಗುವ ಚಿಕಿತ್ಸೆ ಅಪಾಯ. "ಗೊರಕೆ ಹೊಡೆಯುತ್ತಾರಾ, ಕೇಳಿದಿರಾ?" ಕೇಳಿರಲಿಲ್ಲ. ಬಿಪಿ, ತೂಕ, ಹಗಲಿನ ತೂಕಡಿಕೆ ಎಲ್ಲ ಸೇರಿದರೆ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷೆ ಆಗಲೇಬೇಕು. ಹಾಗಾಗಿ ಯೋಜನೆ ಬದಲಾಗುತ್ತದೆ. ಏಳುವ ಸಮಯ ಒಂದೇ ಇರಲಿ, ಟಿವಿ ಹಾಲ್‌ಗೆ ಹೋಗಲಿ, ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂರಲಿ, ಎರಡು ವಾರ ನಿದ್ದೆಯ ಡೈರಿ ಬರೆಯಲಿ, ಡಾಕ್ಟರು ಉಸಿರಾಟದ ಪರೀಕ್ಷೆಗೆ ಬರೆಯಲಿ.

ಕೊನೆಗೆ ಡಾಕ್ಟರಿಗೆ ವರದಿ. ನಡೆದುಕೊಂಡೇ, ಒಂದು ನಿಮಿಷದೊಳಗೆ. "ನಿದ್ದೆ ಐದು ಗಂಟೆ, ಪಿಎಚ್‌ಕ್ಯೂ ಹನ್ನೆರಡು, ಸಾವಿನ ಯೋಚನೆ ಇಲ್ಲ, ಪತ್ನಿ ತೀರಿಕೊಂಡ ದುಃಖ ಇದೆ. ಉಸಿರುಕಟ್ಟುವ ಶಂಕೆ ಇದೆ, ಪರೀಕ್ಷೆಗೆ ಬರೆಯುತ್ತೀರಾ? ಎರಡು ವಾರಕ್ಕೆ ಮತ್ತೆ ಬರುತ್ತಾರೆ." ಐದು ಪುಟದ ವರದಿ ಬರೆದು ಅಭ್ಯಾಸವಾದ ಸಂಶೋಧನಾ ವಿದ್ಯಾರ್ಥಿಗೆ ಇದು ಸುಲಭವಲ್ಲ. ಮುಂದಿನ ಕೋಣೆಯಲ್ಲಿ ಇನ್ಸುಲಿನ್ ಸೂಜಿಗೆ ಹೆದರುವ ಹುಡುಗಿ, ಅದರಾಚೆ ಸಿಗರೇಟು ಬಿಡಬೇಕೆಂದಿರುವ ಗರ್ಭಿಣಿ, ರಾತ್ರಿ ಹಾಸಿಗೆ ಒದ್ದೆ ಮಾಡುವ ಮಗು. ನನಗೆ ಬರುವುದು ಆತಂಕದ ಕಾಯಿಲೆ ಮಾತ್ರ ಎಂದು ಇಲ್ಲಿ ಹೇಳುವಂತಿಲ್ಲ.

ಈ ಕಲಿಕೆಯನ್ನು ಕಾಯುವುದು ಮೇಲ್ವಿಚಾರಣೆ. ಮಾನ್ಯತೆಯ ನಿಯಮದಂತೆ ಇಂಟರ್ನ್‌ಗೆ ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ಮೇಲ್ವಿಚಾರಣೆ ಸಿಗಬೇಕು, ಅದರಲ್ಲಿ ಎರಡು ಗಂಟೆಯಾದರೂ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ. ಆದರೆ ಕ್ಲಿನಿಕ್‌ನಲ್ಲಿ ಹೆಚ್ಚಿನ ಪಾಠ ನಡೆಯುವುದು ಕಾರಿಡಾರಿನಲ್ಲಿ, ಈಗ ನೋಡಿದಂಥ ಎರಡು ನಿಮಿಷಗಳಲ್ಲಿ. ಆರಂಭದ ವಾರಗಳಲ್ಲಿ ಇಂಟರ್ನ್ ಡಾಕ್ಟರ ಬೆನ್ನಿಗೆ ನಿಂತು ನೋಡುತ್ತಾರೆ, ಆಮೇಲೆ ಮೇಲ್ವಿಚಾರಕರ ಪಕ್ಕ ಕೂತು, ಆಮೇಲೆ ಅವರ ಎದುರು ತಾವೇ, ಕಡೆಗೆ ಒಬ್ಬರೇ. ರಾಚೆಸ್ಟರ್‌ನ ಸೂಸನ್ ಮೆಕ್‌ಡೇನಿಯಲ್ ಮತ್ತು ಸಂಗಡಿಗರು 2014ರಲ್ಲಿ ಪ್ರಾಥಮಿಕ ಚಿಕಿತ್ಸೆಯ ಮನೋವಿಜ್ಞಾನಿಗೆ ಬೇಕಾದ ಸಾಮರ್ಥ್ಯಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಚಿಕಿತ್ಸೆಯಷ್ಟೇ ಮಹತ್ವ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳುವುದಕ್ಕೂ ಬೇರೆ ವೃತ್ತಿಯವರ ಜೊತೆ ಹೊಂದಿಕೊಳ್ಳುವುದಕ್ಕೂ ಇದೆ. ನರ್ಸ್‌ಗೆ ಏನು ಗೊತ್ತು, ಔಷಧಿ ಕೊಡುವವರಿಗೆ ಏನು ಗೊತ್ತು, ಸ್ವಾಗತದ ಮೇಜಿನಲ್ಲಿರುವವರು ಯಾವ ರೋಗಿಯ ಮನೆಯ ಕಷ್ಟ ಬಲ್ಲರು, ಇದೆಲ್ಲ ತಿಳಿದಿರಬೇಕು.

ತೆಳುವಾಯಿತೇ ಚಿಕಿತ್ಸೆ?

ಹಳೆಯ ಕ್ರಮದಲ್ಲಿ ಪಳಗಿದ ಮನೋಚಿಕಿತ್ಸಕರು ಕೇಳುವ ಪ್ರಶ್ನೆ ಇದು: ಇಪ್ಪತ್ತೈದು ನಿಮಿಷದಲ್ಲಿ ಮನಸ್ಸನ್ನು ಮುಟ್ಟಲು ಆದೀತೇ? ಈ ಪ್ರಶ್ನೆಯನ್ನು ಬದಿಗೆ ತಳ್ಳಬಾರದು. ತೀವ್ರ ಮಾನಸಿಕ ಕಾಯಿಲೆ, ಬಾಲ್ಯದ ದೌರ್ಜನ್ಯದ ಗಾಯ, ಊಟಕ್ಕೆ ಸಂಬಂಧಿಸಿದ ಮನೋರೋಗಗಳು ಇಷ್ಟರಲ್ಲಿ ಮುಗಿಯುವುದಿಲ್ಲ. ಅಂಥವರನ್ನು ಗುರುತಿಸಿ, ಅವರಿಗೆ ಬೇಕಾದ ಜಾಗಕ್ಕೆ ಕೈಹಿಡಿದು ದಾಟಿಸುವುದೂ ಇಂಟರ್ನ್ ಕಲಿಯಬೇಕಾದ ಕೆಲಸವೇ. ಎಲ್ಲವನ್ನೂ ಇಲ್ಲೇ ಮುಗಿಸಿಬಿಡುತ್ತೇವೆ ಎಂದು ಹೊರಡುವ ಕ್ಲಿನಿಕ್ ರೋಗಿಗೆ ಅನ್ಯಾಯ ಮಾಡುತ್ತದೆ.

ಆದರೆ ಇದಕ್ಕೆ ಪರ್ಯಾಯ ಯಾವುದು ಎಂದೂ ಕೇಳಬೇಕು. ಆ ಲಾರಿ ಚಾಲಕರು ಐವತ್ತು ನಿಮಿಷದ ಚಿಕಿತ್ಸಕರ ಬಳಿ ಹೋಗುತ್ತಿರಲಿಲ್ಲ. ಅವರ ಪಾಲಿಗೆ ಇಪ್ಪತ್ತೈದು ನಿಮಿಷ ಅಥವಾ ಏನೂ ಇಲ್ಲ. ಪ್ರಾಥಮಿಕ ಚಿಕಿತ್ಸೆಯೊಳಗೆ ಮಾನಸಿಕ ಆರೈಕೆ ಸೇರಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಇದೆ. ಯೂರ್ಗನ್ ಉನುಟ್ಸರ್ ಮುಂದಾಳತ್ವದ ಇಂಪ್ಯಾಕ್ಟ್ ಎಂಬ ಪ್ರಯೋಗ ಐದು ರಾಜ್ಯಗಳ 18 ಕ್ಲಿನಿಕ್‌ಗಳಲ್ಲಿ, 60 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 1,801 ಖಿನ್ನತೆಯ ರೋಗಿಗಳೊಂದಿಗೆ ನಡೆಯಿತು. ಒಂದು ವರ್ಷದ ಬಳಿಕ ಲಕ್ಷಣಗಳು ಅರ್ಧದಷ್ಟಾದರೂ ಕಡಿಮೆಯಾದವರು ತಂಡದ ಆರೈಕೆ ಸಿಕ್ಕವರಲ್ಲಿ ಶೇ 45, ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 19. 2002ರಲ್ಲಿ ಪ್ರಕಟವಾದ ಆ ಪ್ರಯೋಗದ ವಿಧಾನ ನಾನು ಮೇಲೆ ವಿವರಿಸಿದ್ದಕ್ಕಿಂತ ಕೊಂಚ ಬೇರೆ. ಅಲ್ಲಿ ಒಬ್ಬ ಆರೈಕೆ ವ್ಯವಸ್ಥಾಪಕರು ರೋಗಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸುತ್ತಾರೆ, ಮನೋವೈದ್ಯರು ಹಿಂದೆ ನಿಂತು ಸಲಹೆ ಕೊಡುತ್ತಾರೆ. ಮನೋವಿಜ್ಞಾನಿಯ ಚಿಕ್ಕ ಭೇಟಿಗಳ ಮಾದರಿಗೆ ಇಷ್ಟು ದೊಡ್ಡ ಪ್ರಯೋಗದ ಬೆಂಬಲ ಇನ್ನೂ ಬೇಕಿದೆ. ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಹೆಚ್ಚು ನೋವು ತರುವ ತೊಡಕು ದುಡ್ಡಿನದು. ಅಮೆರಿಕದಲ್ಲಿ ವೈದ್ಯ ರೆಸಿಡೆಂಟ್‌ಗಳ ತರಬೇತಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ದಶಕಗಳಿಂದ ಆಸ್ಪತ್ರೆಗಳಿಗೆ ದೊಡ್ಡ ಮೊತ್ತ ಕೊಡುತ್ತಿದೆ. ಮನೋವಿಜ್ಞಾನದ ಇಂಟರ್ನ್‌ಗೆ ಅಂಥ ಆಸರೆ ಇಲ್ಲ. ಇಂಟರ್ನ್ ನೋಡಿದ ರೋಗಿಯ ಬಿಲ್ಲನ್ನೂ ಮೆಡಿಕೇರ್ ಸಾಮಾನ್ಯವಾಗಿ ಕಟ್ಟುವುದಿಲ್ಲ. ಸ್ಟೈಪೆಂಡ್ ರೆಸಿಡೆಂಟ್‌ಗಳಿಗೆ ಹೋಲಿಸಿದರೆ ತೀರಾ ಕಡಿಮೆ, ಅದಕ್ಕಾಗಿ ಸಂಸಾರ ಕಟ್ಟಿಕೊಂಡು ಊರು ಬಿಟ್ಟು ಊರಿಗೆ ಹೋಗಬೇಕು. 2002ರಲ್ಲಿ ಆರಂಭವಾದ ಒಂದು ಕೇಂದ್ರ ಸರ್ಕಾರದ ಅನುದಾನ ಯೋಜನೆ, ಹಿಂದುಳಿದ ಪ್ರದೇಶಗಳ ಕ್ಲಿನಿಕ್‌ಗಳಲ್ಲಿ ಮನೋವಿಜ್ಞಾನಿಗಳನ್ನು ತರಬೇತುಗೊಳಿಸಲು ನೆರವಾಗುತ್ತಿದೆ. ಆದರೆ ಅನುದಾನ ನಿಂತರೆ ಕೇಂದ್ರವೂ ಬಾಗಿಲು ಹಾಕೀತು ಎಂಬ ಅಳುಕು ಚಿಕ್ಕ ಕ್ಲಿನಿಕ್‌ಗಳಿಗೆ ತಪ್ಪಿದ್ದಲ್ಲ.

ಇಲ್ಲಿಂದ ಹೋಗಿ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಇನ್ನೊಂದು ಕಟ್ಟುಪಾಡು. ಮಾಜಿ ಸೈನಿಕರ ಇಲಾಖೆಯ ಇಂಟರ್ನ್‌ಶಿಪ್‌ಗೆ ಅಮೆರಿಕದ ಪೌರತ್ವ ಬೇಕು. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ತರಬೇತಿಯ ಅತಿ ದೊಡ್ಡ ಬಾಗಿಲೇ ಮುಚ್ಚಿರುತ್ತದೆ. ಹಾಗಾಗಿ ಅವರು ಅರ್ಜಿ ಹಾಕುವಾಗ ವಿಶ್ವವಿದ್ಯಾಲಯದ ಆಸ್ಪತ್ರೆ, ಸಮುದಾಯ ಕ್ಲಿನಿಕ್‌ಗಳ ಕಡೆ ನೋಡಬೇಕು. ಸಮುದಾಯ ಕ್ಲಿನಿಕ್ ಸಿಕ್ಕರೆ ಅದು ಕಡಿಮೆಯದೆಂದು ಯಾರೂ ಭಾವಿಸಬೇಕಿಲ್ಲ. ಆ ಕೇಂದ್ರಗಳ ಪರಂಪರೆ ದೊಡ್ಡದು. 1960ರ ದಶಕದಲ್ಲಿ ಜ್ಯಾಕ್ ಗೈಗರ್ ಎಂಬ ವೈದ್ಯ, ಸಹೋದ್ಯೋಗಿ ಕೌಂಟ್ ಗಿಬ್ಸನ್ ಜೊತೆ ಬಾಸ್ಟನ್ನಿನಲ್ಲೂ ಮಿಸಿಸಿಪಿಯ ಮೌಂಡ್ ಬಾಯೂನಲ್ಲೂ ಮೊದಲ ಸಮುದಾಯ ಆರೋಗ್ಯ ಕೇಂದ್ರಗಳನ್ನು ಕಟ್ಟಿದರು. ಮಿಸಿಸಿಪಿಯಲ್ಲಿ ಹಸಿವಿನಿಂದ ಬಳಲುತ್ತಿದ್ದ ಮಕ್ಕಳಿಗೆ ಔಷಧಿ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟು, ದಿನಸಿ ಅಂಗಡಿಯ ಖರ್ಚನ್ನು ಔಷಧಿಯ ಲೆಕ್ಕಕ್ಕೆ ಹಾಕಿದರು. ಇದನ್ನು ಪ್ರಶ್ನಿಸಿದಾಗ, ಅಪೌಷ್ಟಿಕತೆಗೆ ಔಷಧಿ ಆಹಾರವೇ ಎಂಬುದು ಅವರ ನಿಲುವಾಗಿತ್ತು. ಅಂಥ ಕೇಂದ್ರದಲ್ಲಿ ಕಲಿತ ಮನೋವಿಜ್ಞಾನಿ, ಬಾಡಿಗೆ ಕಟ್ಟಲಾಗದೆ ನಿದ್ದೆಗೆಟ್ಟವರಿಗೆ ಉಸಿರಾಟದ ವ್ಯಾಯಾಮವೊಂದನ್ನೇ ಹೇಳಿ ಕಳಿಸುವುದಿಲ್ಲ.

ಸಕಲವಾರ, ಬಳ್ಳಾರಿ, ಆಮೇಲೆ

ಪ್ರಾಥಮಿಕ ಆರೋಗ್ಯದೊಳಗೆ ಮಾನಸಿಕ ಆರೈಕೆ ಎಂಬ ವಿಚಾರ ನಮಗೆ ಹೊರಗಿನಿಂದ ಬಂದದ್ದಲ್ಲ. ನಿಮ್ಹಾನ್ಸ್ 1970ರ ದಶಕದಲ್ಲೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡಲು ತೊಡಗಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಅದನ್ನು ಮಾಡಿ ತೋರಿಸಿದರು. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿಯೇ. ಆಮೇಲೆ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಹೋಗುವ ಮನೋಚೈತನ್ಯ ಎಂಬ ಕಾರ್ಯಕ್ರಮ ಬಂತು. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಹಳ್ಳಿಯ ವೈದ್ಯರು ರೋಗಿಯನ್ನು ನೋಡುತ್ತಿರುವಾಗಲೇ ನಿಮ್ಹಾನ್ಸ್‌ನ ಮನೋವೈದ್ಯರು ವಿಡಿಯೊದಲ್ಲಿ ಜೊತೆಗೂಡಿ ಕಲಿಸುವ ಕ್ರಮವೂ ಇದೆ.

ಇಷ್ಟೆಲ್ಲದರಲ್ಲಿ ಕಲಿತವರು ಯಾರು? ಬಹುಮಟ್ಟಿಗೆ ವೈದ್ಯರು. ಕಲಿಸಿದ್ದು ಬಹುಮಟ್ಟಿಗೆ ರೋಗ ಗುರುತಿಸುವುದು, ಮಾತ್ರೆ ಬರೆಯುವುದು. ಅದು ಬೇಕೇ ಬೇಕು. ಆದರೆ ಮಾತಿನ ಚಿಕಿತ್ಸೆ ಬಲ್ಲ ಮನೋವಿಜ್ಞಾನಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರಲೇ ಇಲ್ಲ. ಬೆಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಯ ತರಬೇತಿ ಶುರುವಾದದ್ದು 1955ರಲ್ಲಿ, ದೇಶಕ್ಕೇ ಮೊದಲು. ಇಷ್ಟು ವರ್ಷವಾದರೂ ನಮ್ಮ ಕ್ಲಿನಿಕಲ್ ಸೈಕಾಲಜಿ ವಿದ್ಯಾರ್ಥಿ ಹೆಚ್ಚಿನ ಕಾಲ ಕಳೆಯುವುದು ದೊಡ್ಡ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ. ಅಲ್ಲಿಗೆ ಬರುವ ರೋಗಿ ಆಗಲೇ ಹತ್ತು ಕಡೆ ಅಲೆದು, ಕಾಯಿಲೆ ಹಣ್ಣಾದ ಮೇಲೆ ಬಂದವರು. ಮೈಕೈ ನೋವು, ಎದೆ ಢವಢವ, ತಲೆ ಭಾರ, ಹೊಟ್ಟೆಯಲ್ಲಿ ಸಂಕಟ ಎಂದು ಡಾಕ್ಟರ ಮುಂದೆ ಸಾಲಾಗಿ ನಿಲ್ಲುವ ಹೆಂಗಸರನ್ನು ಆ ವಿದ್ಯಾರ್ಥಿ ನೋಡಿರುವುದೇ ಅಪರೂಪ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆ ಇರುವವರ ಪೈಕಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ 70ರಿಂದ 92ರವರೆಗೆ ಇತ್ತು. ಅವರಲ್ಲಿ ಎಷ್ಟೋ ಜನ ಯಾವುದೋ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತೆದ್ದವರೇ ಇರಬೇಕು.

ಮನುಷ್ಯ ಎಲ್ಲಿ ಕಲಿಯುತ್ತಾನೋ ಅಲ್ಲೇ ಕೆಲಸ ಮಾಡಲು ಧೈರ್ಯ ತಾಳುತ್ತಾನೆ. ನಮ್ಮ ಮನೋವಿಜ್ಞಾನಿಗಳು ಊರ ಆಸ್ಪತ್ರೆಗೆ ಹೋಗುವುದಿಲ್ಲ ಎಂದು ದೂರುವ ಮೊದಲು, ಅಲ್ಲಿ ಕೆಲಸ ಮಾಡುವುದನ್ನು ಅವರಿಗೆ ಯಾರಾದರೂ ಕಲಿಸಿದ್ದಾರೆಯೇ ಎಂದು ಕೇಳಬೇಕು. ಎದುರಿಗಿರುವ ಅಜ್ಜಿಗೆ ಪ್ರಶ್ನಾವಳಿ ಓದಲು ಬರುವುದಿಲ್ಲ, ಪಕ್ಕದಲ್ಲಿ ಸೊಸೆ ನಿಂತಿದ್ದಾಳೆ, ಬಸ್ಸು ಹನ್ನೆರಡೂವರೆಗೆ. ಆಗ ಏನು ಕೇಳಬೇಕು, ಸೊಸೆಯನ್ನು ಹೇಗೆ ಹೊರಗೆ ಕಳಿಸಬೇಕು, "ಅಜ್ಜಿ, ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗ್ತದೆ?" ಎಂಬಲ್ಲಿಂದ ಮಾತನ್ನು ಎಲ್ಲಿಗೆ ಒಯ್ಯಬೇಕು ಎಂಬುದನ್ನು ವಾರ್ಡಿನಲ್ಲಿ ಕಲಿಯಲಾಗದು.

ಮಾಡುವುದಾದರೆ ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಹುದ್ದೆ ಇದೆ. ಆ ಹುದ್ದೆ ಭರ್ತಿಯಾಗಿರುವ ಜಿಲ್ಲೆಗಳಲ್ಲಿ ಅವರನ್ನೇ ಮೇಲ್ವಿಚಾರಕರಾಗಿಸಿ, ತರಬೇತಿಯ ಎರಡನೇ ವರ್ಷದಲ್ಲಿ ಆರು ತಿಂಗಳಾದರೂ ವಿದ್ಯಾರ್ಥಿಗಳನ್ನು ತಾಲ್ಲೂಕು ಆಸ್ಪತ್ರೆ ಮತ್ತು ಅದರ ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಬಹುದು. ವೈದ್ಯಾಧಿಕಾರಿಯ ಪಕ್ಕದಲ್ಲಿ ಒಂದು ಕೋಣೆ, ಎರಡು ಕುರ್ಚಿ, ಬದುಕಲು ಸಾಲುವಷ್ಟು ಸ್ಟೈಪೆಂಡ್, ವಾರಕ್ಕೆ ನಾಲ್ಕು ಗಂಟೆ ಮೇಲ್ವಿಚಾರಣೆ, ಯಾವಾಗ ಬೇಕಾದರೂ ಬಾಗಿಲು ತಟ್ಟಲು ಡಾಕ್ಟರಿಗೆ ಅನುಮತಿ. ಮೊದಲ ತಂಡಕ್ಕೆ ಹತ್ತು ಜನ ಸಾಕು. ಬಳ್ಳಾರಿಯಿಂದಲೇ ಶುರು ಮಾಡಬಹುದು.